ಮೂವತ್ತೊಂದನೆಯ ಸಾಲಿನಲ್ಲಿ ನಿಂತ ಲಕ್ಷ್ಮವ್ವ

ಬೊರಿವಲಿ, ಮುಂಬಯಿ
ಅಕ್ಟೋಬರ್ 1991

ಮಾನ್ಯ ಆಡಳಿತಾಧಿಕಾರಿಗಳೇ,

ನಿಮ್ಮ ಆಸ್ಪತ್ರೆಯ ಒಂದು ಕೇಸ್ ಪೇಪರಿನಲ್ಲಿ ಒಂದು ಸುಳ್ಳಿದೆ. ಅದನ್ನು ತಿದ್ದಿ ಎಂದು ಇಂಗ್ಲಿಷಿನಲ್ಲಿ ಮೂರು ಸಲ ಬರೆದುಕೊಂಡೆ. ಲಿಖಿತ ಉತ್ತರ ಬರಲಿಲ್ಲ. ನಿಮ್ಮ ಕಚೇರಿಯಲ್ಲಿ ಇಂಗ್ಲಿಷ್ ಪತ್ರಗಳು ಒಂದು ಟ್ರೇಯಿಂದ ಇನ್ನೊಂದು ಟ್ರೇಗೆ ತೀರ್ಥಯಾತ್ರೆ ಮಾಡುತ್ತವೆ ಎಂಬುದು ಇಪ್ಪತ್ತೆಂಟು ವರ್ಷ ಅಲ್ಲೇ ಗುಮಾಸ್ತನಾಗಿದ್ದ ನನಗೆ ಗೊತ್ತಿರಬೇಕಿತ್ತು. ಆದ್ದರಿಂದ ಈ ಸಲ ಕನ್ನಡದಲ್ಲಿ, ನಾಲ್ಕು ಜನ ಓದುವ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ನೀವು ಬೆಂಗಳೂರಿನವರು, ಭಾಷೆ ಬಾರದು ಎಂಬ ನೆಪ ನಿಮಗಿಲ್ಲ. ಸುಳ್ಳು ಇದು: "ದಾಖಲಾದ ದಿನದಿಂದ ಮರಣದವರೆಗೆ ರೋಗಿಯ ಸಂಬಂಧಿಕರು ಯಾರೂ ಬರಲಿಲ್ಲ." ರೋಗಿಯ ಹೆಂಡತಿ ಮೂರು ದಿನ ಬಂದಿದ್ದಳು. ಬೇರೆಲ್ಲಿಗೋ ಅಲ್ಲ, ನೀವು ಹೂವಿನ ಹಾರ ಹಾಕಿ ಉದ್ಘಾಟಿಸಿದ ಆ ಕಂಪ್ಯೂಟರಿನ ಮುಂದೆಯೇ ಬಂದು ನಿಂತಿದ್ದಳು. ಮೂರು ದಿನವೂ ಅದು ಅವಳನ್ನು ಹೊರಗೆ ಕಳಿಸಿತು. ನಾಲ್ಕನೆಯ ಸಲ ಗಂಡನನ್ನು ನೋಡಲು ಬರುವ ಅಗತ್ಯವನ್ನು ದೇವರೇ ತಪ್ಪಿಸಿದ.

ಈ ಪತ್ರ ಓದುವ ಉಳಿದವರಿಗೆ ನಿಮ್ಮ ಯಂತ್ರದ ಮಹಿಮೆ ತಿಳಿಯಬೇಕು. ಕಳೆದ ವರ್ಷ ದೀಪಾವಳಿಯ ಮೊದಲು ನೀವು ನಮ್ಮನ್ನೆಲ್ಲ ಸಭಾಂಗಣಕ್ಕೆ ಕರೆಸಿ, ಸಮೋಸಾ ಕೊಟ್ಟು, ಒಂದು ಪರದೆ ತೋರಿಸಿದಿರಿ. ಅದರಲ್ಲಿ ಚೌಕುಳಿ ಚೌಕುಳಿಯಾದ ಒಂದು ಹಾಳೆ. ಮೊದಲ ಕಾಲಮ್ಮಿನಲ್ಲಿ ಸಾಲಿನ ಸಂಖ್ಯೆ, ಎರಡನೆಯದರಲ್ಲಿ ಒಂದು ಪ್ರಶ್ನೆ, ಮೂರನೆಯದರಲ್ಲಿ ಉತ್ತರ ಹೌದಾದರೆ ಯಾವ ಸಾಲಿಗೆ ಹೋಗಬೇಕು, ನಾಲ್ಕನೆಯದರಲ್ಲಿ ಇಲ್ಲವಾದರೆ ಯಾವ ಸಾಲಿಗೆ ಹೋಗಬೇಕು. ಅಷ್ಟೇ. ಪ್ರೋಗ್ರಾಂ ಬರೆಯುವವರು ಬೇಡ, ಯಾವ ಕಂಪ್ಯೂಟರ್ ಭಾಷೆಯೂ ಬೇಡ, ಹಾಳೆ ತುಂಬಿದರೆ ಸಾಕು, ಅದರಿಂದ ತೀರ್ಮಾನದ ಮರ ತಾನೇ ಎದ್ದು ನಿಲ್ಲುತ್ತದೆ, ಎಸ್ಸೆಸ್ಸೆಲ್ಸಿ ಪಾಸಾದ ಯಾರನ್ನು ಬೇಕಾದರೂ ಕಿಟಕಿಯಲ್ಲಿ ಕೂರಿಸಬಹುದು ಎಂದಿರಿ. ಪರದೆ ಕೇಳಿದ್ದನ್ನು ಗುಮಾಸ್ತ ಕೇಳಬೇಕು, ಹೌದಿಗೆ ವೈ, ಇಲ್ಲಕ್ಕೆ ಎನ್ ಒತ್ತಬೇಕು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಊರೂರು ಸುತ್ತುವ ಕೋಲೆ ಬಸವನಾದರೂ ಎದುರಿಗಿರುವವನ ಮುಖ ನೋಡಿ ತಲೆ ಆಡಿಸುತ್ತದೆ. ನೀವು ತಂದದ್ದಕ್ಕೆ ಮುಖ ನೋಡುವ ತೊಂದರೆಯೂ ಇರಲಿಲ್ಲ.

ಆ ಹಾಳೆ ತುಂಬಿದವನು ನಾನೇ. ಇದನ್ನು ನೀವು ಹೇಳುವ ಮೊದಲೇ ನಾನು ಹೇಳಿಬಿಡುತ್ತೇನೆ. "ನೋಡಿ ತಿರುಮಲೇಶ್, ನಿಮ್ಮ ತಲೆಯಲ್ಲಿರೋದನ್ನೆಲ್ಲ ಈ ಶೀಟಿಗೆ ಇಳಿಸಿಬಿಡಿ. ಆಮೇಲೆ ನೀವು ಆರಾಮಾಗಿರಬಹುದು" ಎಂದಿರಿ ನೀವು. ನನ್ನ ತಲೆಯನ್ನು ಯಾರಾದರೂ ಬೇಕೆಂದು ಕೇಳಿದ್ದು ಅದೇ ಮೊದಲು, ಹಿಗ್ಗಿಹೋದೆ. ಆರು ಶನಿವಾರ ಮಧ್ಯಾಹ್ನ, ಚಪ್ಪಲಿ ಹೊರಗೆ ಬಿಟ್ಟು, ಆ ತಣ್ಣನೆಯ ಕೋಣೆಯಲ್ಲಿ ಕೂತೆ. ಯಂತ್ರ ಮಾರಿದ ಕಂಪನಿಯಿಂದ ಶಾಮಲಾ ಎಂಬ ಹುಡುಗಿ ಬಂದಿದ್ದಳು, ಮಾಟುಂಗದ ನಮ್ಮ ಮೈಸೂರು ಕಡೆಯವರ ಮಗಳು. ಅವಳ ಕನ್ನಡ ಅರ್ಧ ದಾರಿಗೆ ನಿಂತು ಹಿಂದಿಯ ಬಸ್ಸು ಹತ್ತುತ್ತಿತ್ತು, ಆದರೆ ತಲೆ ಚುರುಕು. ಪ್ರತಿ ಸಾಲಿಗೂ ಕೇಳುತ್ತಿದ್ದಳು, "ಅಂಕಲ್, ನೋ ಅಂದ್ರೆ ಫಿರ್ ಏನ್ ಮಾಡ್ತೀರಾ?" ನಾನು ಹೇಳುತ್ತಿದ್ದೆ, ಅವಳು ತುಂಬುತ್ತಿದ್ದಳು. ಮೂವತ್ತೊಂದನೆಯ ಸಾಲಿಗೆ ಬಂದೆವು: "ರೋಗಿಯ ಹೆಸರನ್ನು ಬಂದವರು ಹೇಳುತ್ತಾರೆಯೇ?" ಹೌದಾದರೆ ಮೂವತ್ತೆರಡಕ್ಕೆ ಹೋಗಿ, ರಿಜಿಸ್ಟರಿನಲ್ಲಿ ಹುಡುಕಿ, ವಾರ್ಡಿನ ಪಾಸು ಕೊಡುವುದು. "ನೋ ಅಂದ್ರೆ?" ಎಂದಳು. ನಾನು ಠೀವಿಯಿಂದ, "ಹೆಸರೇ ಗೊತ್ತಿಲ್ಲದವರನ್ನ ಒಳಗೆ ಬಿಡೋಕಾಗತ್ತೇನಮ್ಮ? ಕಳಿಸ್ತೀವಿ" ಎಂದೆ. ಅವಳು ತೊಂಬತ್ತು ಎಂದು ತುಂಬಿದಳು. ತೊಂಬತ್ತನೆಯ ಸಾಲು: "ಮಾಹಿತಿ ನೀಡಲಾಗದು. ಮುಂದಿನವರನ್ನು ಕರೆಯಿರಿ."

ನಿಜ ಹೇಳಬೇಕೆಂದರೆ, ಇಪ್ಪತ್ತೆಂಟು ವರ್ಷಗಳಲ್ಲಿ ನಾನು ಒಬ್ಬ ಹೆಂಗಸನ್ನೂ ಆ ಕಾರಣಕ್ಕೆ ಕಳಿಸಿರಲಿಲ್ಲ. ನಮ್ಮ ಕಿಟಕಿಗೆ ಬರುವವರು ಯಾರು? ಮಿಲ್ಲುಗಳು ಮುಚ್ಚಿದ ಮೇಲೆ ಕಟ್ಟಡದ ಕೆಲಸಕ್ಕೆ ಬಿದ್ದವರು, ವಿಜಾಪುರ ಗುಲಬರ್ಗಾದ ಕಡೆಯಿಂದ ಕಲ್ಲು ಮಣ್ಣು ಹೊರಲು ಬಂದವರು, ಸಾತಾರಾ ಸೊಲ್ಲಾಪುರದವರು. ಆ ಹೆಂಗಸರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಅದಕ್ಕೆಂದೇ ನಾನು ಕಿಟಕಿಯ ಪಕ್ಕದ ಗೋಡೆಗೆ ಸಾಲಾಗಿ ಎಲ್ಲ ದೇವರ ಚಿತ್ರಗಳಿದ್ದ ಒಂದು ಕ್ಯಾಲೆಂಡರು ತೂಗುಹಾಕಿದ್ದೆ. ಅವರು ಸೆರಗು ಬಾಯಿಗೆ ಹಿಡಿದು ಗಣಪತಿಗೋ ಮಾರುತಿಗೋ ಬೆರಳು ಇಡುತ್ತಿದ್ದರು. ಒಬ್ಬಾಕೆ ಈಶ್ವರನಿಗೆ ಬೆರಳಿಟ್ಟು, ಶಿವಪ್ಪನೇ ಎಂದರೆ ಅಲ್ಲ, ಶಂಕ್ರಪ್ಪನೇ ಎಂದರೆ ಅಲ್ಲ, ಕೊನೆಗೆ "ಇವರ ಊರ ಹೆಸರ್ರೀ" ಎಂದಳು. ಅವಳ ಕಾಶಪ್ಪ ನಾಲ್ಕನೆಯ ವಾರ್ಡಿನಲ್ಲಿ ಸಿಕ್ಕಿದ. ಮುಸ್ಲಿಂ ಹೆಂಗಸರು ಮಗನ ಹೆಸರು ಹೇಳಿ ಅವನ ಅಬ್ಬಾ ಎನ್ನುತ್ತಿದ್ದರು, ಪಕ್ಕದಲ್ಲಿದ್ದವರು ಉಳಿದದ್ದು ಹೇಳುತ್ತಿದ್ದರು. ಇದನ್ನೆಲ್ಲ ನಾನು ಶಾಮಲಾಗೆ ಯಾಕೆ ಹೇಳಲಿಲ್ಲ? ಅದು ಕೆಲಸ ಎಂದು ನನಗೆ ಅನಿಸಿರಲೇ ಇಲ್ಲ. ಕೆಲಸ ಎಂದರೆ ರಿಜಿಸ್ಟರು, ಕಾಯಿದೆ, ಮೊಹರು ಎಂದುಕೊಂಡಿದ್ದೆ. ಮೂವತ್ತು ವರ್ಷದ ಸಂಸಾರದಲ್ಲಿ ನನ್ನ ಹೆಂಡತಿ ಸುಮಿತ್ರಾ ಒಂದು ಸಲವೂ ನನ್ನ ಹೆಸರು ಹೇಳಿದವಳಲ್ಲ. ರೇಷನ್ ಅಂಗಡಿಯಲ್ಲಿ ಕಾರ್ಡು ಮುಂದಕ್ಕೆ ತಳ್ಳಿ "ಇದರಲ್ಲಿದೆ ನೋಡಿ" ಎನ್ನುತ್ತಾಳೆ. ಅಂಥ ಮನೆಯಿಂದ ಹೊರಟು, ಲೋಕಲ್‌ನಲ್ಲಿ ದಾದರಿಗೆ ಬಂದಿಳಿದು, ಆ ಸಾಲನ್ನು ತುಂಬಿಸಿದ ದಡ್ಡ ನಾನು.

ಇಷ್ಟಾದರೂ ಉಳಿಯುವ ದಾರಿ ಇತ್ತು, ಅದನ್ನು ಮುಚ್ಚಿದವರು ನೀವು. ಶಾಮಲಾ ತಾನಾಗಿಯೇ ಐದನೆಯ ಒಂದು ಕಾಲಮ್ಮು ಹಾಕಿದ್ದಳು: ಹೌದೂ ಅಲ್ಲ, ಇಲ್ಲವೂ ಅಲ್ಲ ಎನ್ನುವ ಸಂದರ್ಭದಲ್ಲಿ "ಹಿರಿಯ ಗುಮಾಸ್ತರನ್ನು ಕೇಳಿ". ನೀವು ಕೆಂಪು ಪೆನ್ನು ತೆಗೆದು ಆ ಕಾಲಮ್ಮನ್ನು ಉದ್ದಕ್ಕೆ ಹೊಡೆದಿರಿ. "ಎಕ್ಸೆಪ್ಷನ್ ಅಂತ ಒಂದು ಬಾಗಿಲು ತೆಗೆದ್ರೆ ಎಲ್ಲಾರೂ ಅದೇ ಬಾಗಿಲಲ್ಲಿ ನುಗ್ತಾರೆ" ಎಂದಿರಿ. ಆಸ್ಪತ್ರೆಗೆ ಬರುವ ಮನುಷ್ಯ ನುಗ್ಗದೆ ಇನ್ನೇನು ಮಾಡುತ್ತಾನೆ ಸ್ವಾಮಿ, ಸಿನಿಮಾಕ್ಕೆ ಬಂದವನೇ ಅವನು? ಜನವರಿಯಲ್ಲಿ ಮರ ಚಾಲೂ ಆಯಿತು. ಗೋಡೆಗೆ ಬಣ್ಣ ಹೊಡೆಸಿ, ಶುಭ್ರವಾಗಿರಲಿ ಎಂದು ನನ್ನ ಕ್ಯಾಲೆಂಡರು ತೆಗೆಸಿದಿರಿ. ಅನುಭವವೆಲ್ಲ ಹಾಳೆಯಲ್ಲಿದೆಯಲ್ಲ ಎಂದು ನನ್ನನ್ನು ದಾಖಲೆ ಕೋಣೆಗೆ ಹಾಕಿದಿರಿ. ಮಾಡಿದ್ದುಣ್ಣೋ ಮಹಾರಾಯ ಎಂದು ನಾನೂ ಹೋಗಿ ಜಿರಲೆಗಳ ಜೊತೆ ಕೂತೆ. ಸಾಲದ್ದಕ್ಕೆ ಮಾರ್ಚಿನಲ್ಲಿ ಒಂದು ಸುತ್ತೋಲೆ: ಬಂದವರಿಗೆ ಗುಮಾಸ್ತರು ಹೆಸರನ್ನು ಸೂಚಿಸುವಂತಿಲ್ಲ, ಬೇರೆಯವರು ಹೇಳಿದ ಹೆಸರಿಗೆ ಹೌದು ಒತ್ತುವಂತಿಲ್ಲ, ಒತ್ತಿದರೆ ಶಿಸ್ತು ಕ್ರಮ.

ಶಿಸ್ತು ಕ್ರಮ ಮೊದಲು ಬಿದ್ದದ್ದು ವಾರಿಜಾ ಮೇಲೆ. ಉಡುಪಿ ಕಡೆಯ ಹೆಂಗಸು, ನನ್ನ ನಂತರ ಕಿಟಕಿಗೆ ಬಂದವಳು, ಇನ್ನೂ ಕಾಯಂ ಆಗಿಲ್ಲ. ಜೂನ್‌ನಲ್ಲಿ ಯಾರೋ ಒಬ್ಬ ಮುದುಕಿಯ ಪರವಾಗಿ ನೆರೆಯವನು ಹೆಸರು ಹೇಳಿದಾಗ ಹೌದು ಒತ್ತಿದಳೆಂದು ನೀವು ಅವಳಿಗೆ ಮೆಮೊ ಕೊಟ್ಟಿರಿ. ಇನ್ನೊಂದು ಮೆಮೊ ಬಂದರೆ ಮನೆಗೆ ಎಂದು ಅದರಲ್ಲೇ ಇತ್ತು.

ಜುಲೈ ಹದಿನೈದು, ಸೋಮವಾರ ಸಂಜೆ, ಕಾಂದಿವಲಿಯ ಒಂದು ಕಟ್ಟಡದ ಮೂರನೆಯ ಮಾಳಿಗೆಯಿಂದ ಹಣಮಂತ ಎಂಬ ಕೂಲಿ ಬಿದ್ದ. ಗುತ್ತಿಗೆದಾರನ ಜನ ಟ್ಯಾಕ್ಸಿಯಲ್ಲಿ ತಂದು, ಹೆಸರು ಬರೆಸಿ, ಹಾಗೇ ಹೊರಟುಹೋದರು. ಅವನ ಹೆಂಡತಿ ಲಕ್ಷ್ಮವ್ವನಿಗೆ ಆಸ್ಪತ್ರೆಯ ಹೆಸರೊಂದನ್ನು ಹೇಳಿದರು. ಜೊತೆಗೆ ಬರಲು ಸೈಟಿನಲ್ಲಿ ಯಾರಿಗೂ ರಜೆ ಇಲ್ಲ. ಅವಳು ಮಂಗಳವಾರ ಬೆಳಿಗ್ಗೆ ದಾರಿ ಕೇಳಿಕೊಂಡು ಬಂದು ಕಿಟಕಿಯಲ್ಲಿ ನಿಂತಳು. ವಾರಿಜಾ ಅವಳಿಗೆ ಕನ್ನಡದಲ್ಲೇ ಹೆಸರು ಕೇಳಿದ್ದಾಳೆ. ಲಕ್ಷ್ಮವ್ವ "ನಮ್ಮ ಮನಿಯವ್ರು, ನಿನ್ನಿ ಬಿದ್ದಾರ್ರೀ ಅಕ್ಕಾರ" ಎಂದಿದ್ದಾಳೆ. ಹೆಸರು ಎಂದರೆ ಸೆರಗು ಬಾಯಿಗೆ ಹಿಡಿದಿದ್ದಾಳೆ. ಬುಧವಾರ ಮತ್ತೆ ಬಂದಳು, ಆವತ್ತು ಇಷ್ಟು ಸೇರಿಸಿದಳು: "ಗುಡ್ಡ ಹೊತ್ತಗೊಂಡ ಹಾರಿದ್ನಲ್ಲರೀ, ಆ ದೇವರ ಹೆಸರ ಇವರದು." ಐದು ವರ್ಷದ ಮಗುವಿಗೂ ಅರ್ಥವಾಗುವ ಮಾತು. ಆದರೆ ಮೂವತ್ತೊಂದನೆಯ ಸಾಲು ಕೇಳುವುದು ದೇವರು ಯಾರೆಂದಲ್ಲ, ಹೆಸರು ಹೇಳುತ್ತಾರೆಯೇ ಎಂದು. ಗುರುವಾರ ಮೂರನೆಯ ಸಲ. ನಂತರ ವಾರಿಜಾ ನನ್ನ ಕೋಣೆಗೆ ಬಂದು ಹೇಳಿದ್ದನ್ನು ಹಾಗೇ ಬರೆಯುತ್ತೇನೆ, ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ: "ನಂಗೆ ಗೊತ್ತಾಗಿತ್ತು ಸರ್. ಗೊತ್ತಾಗಿಯೇ ಎನ್ ಒತ್ತಿದ್ದು. ಡ್ರಾವರಿನಲ್ಲಿ ಮೆಮೊ ಉಂಟಲ್ಲ, ನಾನು ಎಂತ ಮಾಡುದು?" ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ನಿಮ್ಮಲ್ಲಿ ಪೂಜಾರಿಯೂ ಕೊಡಲು ಸಿದ್ಧಳಿದ್ದಳು, ನೀವು ಅವಳ ಕೈ ಕಟ್ಟಿದ್ದಿರಿ.

ಗುರುವಾರ ಮಧ್ಯಾಹ್ನ ಒಂದು ಗಂಟೆಗೆ ನಾನು ಡಬ್ಬಿ ತೊಳೆಯಲು ಗೇಟಿನ ಬಳಿಯ ನಲ್ಲಿಗೆ ಹೋದೆ. ಒಬ್ಬ ಹೆಂಗಸು ಗೋಡೆಗೊರಗಿ ತನ್ನಷ್ಟಕ್ಕೆ ಕನ್ನಡದಲ್ಲಿ ಏನೋ ಹೇಳಿಕೊಳ್ಳುತ್ತಿದ್ದಳು. ಯಾವೂರಮ್ಮ ಎಂದೆ. ಇಂಡಿ ತಾಲೂಕು ಎಂದಳು. ಏನಾಯಿತು ಎಂದೆ.

"ಮೂರ ದಿನಾ ಆತ್ರೀ ಯಪ್ಪಾ. ನಮ್ಮನಿಯವ್ರು ಒಳಗ ಅದಾರ. ಹೆಸರ ಹೇಳಂತಾರ. ಹೆಂಗ ಹೇಳ್ಲಿರೀ? ಹೇಳಿದ್ರ ಅವರ ಆಯುಷ್ಯ ಕಡಿಮಿ ಆಗತೈತಿ. ಅದೂ ಇಂಥಾ ಹೊತ್ತಿನ್ಯಾಗ ಹೇಳ್ಲಿ?"

ಯಾವ ದೇವರ ಹೆಸರು ಎಂದೆ, ಗುಡ್ಡ ಹೊತ್ತ ದೇವರದು ಎಂದಳು. "ಹನುಮಪ್ಪನ ಹೆಸರೇನಮ್ಮ?" ಎಂದೆ. ಸೆರಗು ಎಳೆದುಕೊಂಡು ತಲೆ ಆಡಿಸಿದಳು. ಅರ್ಧ ನಿಮಿಷ ಹಿಡಿಯಿತು, ಮಾನ್ಯರೇ. ನಿಮ್ಮ ಮಾಸಿಕ ವರದಿಯಲ್ಲಿ ಒಂದು ವಿಚಾರಣೆಗೆ ಸರಾಸರಿ ನಾಲ್ಕು ನಿಮಿಷ ಹಿಡಿಯುತ್ತಿದ್ದದ್ದು ಈಗ ಐವತ್ತು ಸೆಕೆಂಡಿಗೆ ಇಳಿದಿದೆ ಎಂದು ಕೊಚ್ಚಿಕೊಂಡಿದ್ದೀರಿ. ಆ ಐವತ್ತಕ್ಕಿಂತ ಇದು ಕಡಿಮೆ. ಅದೇ ವರದಿಯಲ್ಲಿ ಜುಲೈ ತಿಂಗಳ ಇತ್ಯರ್ಥವಾದ ವಿಚಾರಣೆಗಳ ಪೈಕಿ ಮೂರು ಲಕ್ಷ್ಮವ್ವನವು ಎಂಬುದು ನಿಮಗೆ ಗೊತ್ತೇ?

ನಾನು ಅವಳನ್ನು ಕರೆದುಕೊಂಡು ಪಾಸಿಲ್ಲದೆ ಮೇಲಕ್ಕೆ ಹೋದೆ. ಕಾವಲುಗಾರ ನನ್ನ ಮುಖ ನೋಡಿ ಬಿಟ್ಟ. ವಾರ್ಡಿನಲ್ಲಿ ಹಾಸಿಗೆ ಖಾಲಿಯಿತ್ತು. ಹಣಮಂತ ಬೆಳಿಗ್ಗೆ ಹನ್ನೊಂದೂ ಹತ್ತಕ್ಕೆ ಹೋಗಿಬಿಟ್ಟಿದ್ದ. ಅವಳು ಎಂಟು ಗಂಟೆಯಿಂದ ಕೆಳಗೆ ಕೂತಿದ್ದಳು. ನರ್ಸಮ್ಮನನ್ನು ಕೇಳಿದೆ, ಅವನಿಗೆ ಪ್ರಜ್ಞೆ ಇತ್ತೇ ಎಂದು. ಬುಧವಾರ ಸಂಜೆಯವರೆಗೂ ಇತ್ತಂತೆ. ಯಾರನ್ನೋ ಕೇಳುತ್ತಲೇ ಇದ್ದನಂತೆ, ಹೆಸರು ಹೇಳಲಿಲ್ಲವಂತೆ. ಆಕೆ ಮರಾಠಿಯವಳು, ಆ ಮಾತನ್ನು ಕಿವಿಯಲ್ಲಿ ಇಟ್ಟುಕೊಂಡಿದ್ದಳು, ಉಚ್ಚಾರ ಮಾಡಿ ತೋರಿಸಿದಳು: "ನಮ್ಮಾಕಿ ಬಂದಾಳೇನ್ರೀ." ಅವನೂ ಅವಳ ಹೆಸರು ಹೇಳಲಿಲ್ಲ. ಲಕ್ಷ್ಮವ್ವ ಆ ಮಾತು ಕೇಳಿ ಅಲ್ಲೇ ನೆಲದ ಮೇಲೆ ಕೂತಳು. ನನಗೆ ಅಳು ಬಂತು, ಅತ್ತೆ. ಐವತ್ತೆಂಟು ವರ್ಷದ ಗಂಡಸು ವಾರ್ಡಿನ ನಡುವೆ ನಿಂತು ಅತ್ತದ್ದನ್ನು ನಿಮ್ಮ ವರದಿಯಲ್ಲಿ ಯಾವ ಕಾಲಮ್ಮಿಗೆ ಬೇಕಾದರೂ ಹಾಕಿಕೊಳ್ಳಿ.

ಪಂಚನಾಮೆ, ಪೋಸ್ಟ್‌ಮಾರ್ಟಂ ಮುಗಿದ ಮೇಲೆ ಶುಕ್ರವಾರ ಹೆಣ ಪಡೆಯಲು ಮತ್ತೆ ಅದೇ ಕಿಟಕಿ, ಅದೇ ಮರ. ನಾನು ಪಕ್ಕದಲ್ಲೇ ನಿಂತಿದ್ದೆ, ನಾನೇ ಹೇಳುತ್ತೇನೆ ಎಂದೆ. ವಾರಿಜಾ ತಲೆ ಎತ್ತಲಿಲ್ಲ. "ಅವರೇ ಹೇಳಬೇಕಂತೆ ಸರ್" ಎಂದಳು. ಲಕ್ಷ್ಮವ್ವ ನನ್ನನ್ನು ನೋಡಿದಳು, ಆ ಪರದೆಯ ಹಿಂಭಾಗವನ್ನು ನೋಡಿದಳು, ಸೆರಗು ಬಾಯಿಂದ ತೆಗೆದಳು. "ಹಣಮಂತ" ಎಂದಳು. "ಹಣಮಂತ ರಾಮಪ್ಪ. ಈಗ ಹೇಳಿದ್ರ ಏನ ಕಡಿಮಿ ಆಗತೈತಿ ತಗೋರಿ." ಹದಿನಾಲ್ಕು ವರ್ಷದ ಸಂಸಾರದಲ್ಲಿ ಮೊದಲ ಸಲ. ವಾರಿಜಾ ಹೌದು ಒತ್ತಿದಳು. ಮರ ಮೂವತ್ತೆರಡಕ್ಕೆ ಹೋಯಿತು. ನೀವು ಬಯಸಿದ್ದು ಇದೇ ಅಲ್ಲವೇ, ಎಲ್ಲವೂ ಸರಾಗವಾಗಿ ನಡೆಯಿತು.

ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡಿ. ನಿಮ್ಮ ತಾಯಿಯವರು ನಿಮ್ಮ ತಂದೆಯವರ ಹೆಸರು ಹೇಳಿದ್ದನ್ನು ನೀವು ಎಷ್ಟು ಸಲ ಕೇಳಿದ್ದೀರಿ? ಆ ಕೆಂಪು ಪೆನ್ನು ಹಿಡಿದ ದಿನ ಅವರು ನಿಮ್ಮ ನೆನಪಿಗೆ ಬರಲಿಲ್ಲವೇ? ನನಗೆ ಸುಮಿತ್ರಾ ನೆನಪಿಗೆ ಬರಲಿಲ್ಲ, ನಿಮಗೆ ತಾಯಿ ಬರಲಿಲ್ಲ. ಚಪ್ಪಲಿಯ ಜೊತೆ ಮನೆಯವರನ್ನೂ ಆ ಕೋಣೆಯ ಹೊರಗೇ ಬಿಟ್ಟು ಒಳಗೆ ಹೋಗಿದ್ದೆವು ಅನಿಸುತ್ತದೆ. ವ್ಯತ್ಯಾಸ ಇಷ್ಟೇ, ನನಗೆ ಈಗ ನಿದ್ದೆ ಸರಿಯಾಗಿ ಬರುವುದಿಲ್ಲ, ನಿಮಗೆ ಈ ತಿಂಗಳು ಟ್ರಸ್ಟಿನವರು ಶಾಲು ಹೊದಿಸಿದರು.

ಕಥೆ ಅಲ್ಲಿಗೆ ಮುಗಿದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲವೇನೋ, ಸತ್ತವನು ಬರುವುದಿಲ್ಲ. ಆದರೆ ಭಾನುವಾರ ಊರಿನಿಂದ ಹಣಮಂತನ ಅಣ್ಣ ಪರಪ್ಪ ಬಂದ. ದಹನ ಮುಗಿದಿತ್ತು. ಅವನು ಕಾಗದ ಕೇಳಿದ. ಸೈಟಿನಲ್ಲಿ ಇಂಗ್ಲಿಷ್ ಓದಬಲ್ಲ ಸೂಪರ್‌ವೈಸರ್ ಒಬ್ಬ ನಿಮ್ಮ ಕೇಸ್ ಪೇಪರಿನ ನಕಲು ಓದಿ ಹೇಳಿದ: ಸಂಬಂಧಿಕರು ಯಾರೂ ಬರಲಿಲ್ಲ. ಪಾಸು ಕೊಟ್ಟಿಲ್ಲವಾದ್ದರಿಂದ ಯಾರೂ ಬಂದಿಲ್ಲ ಎಂದು ನಿಮ್ಮ ಮರ ತಾನೇ ಬರೆದುಕೊಂಡ ಸಾಲು ಅದು. ಪರಪ್ಪ ಲಕ್ಷ್ಮವ್ವನಿಗೆ ಒಂದೇ ಪ್ರಶ್ನೆ ಕೇಳಿದನಂತೆ, "ನನ್ನ ತಮ್ಮ ಮೂರ ದಿನ ಒದ್ದಾಡುಮುಂದ ನೀ ಎಲ್ಲಿದ್ದಿ?" ಅವಳು ಗೇಟಿನಲ್ಲಿದ್ದೆ ಎಂದಳು. ಕಾಗದದಲ್ಲಿ ಇಲ್ಲವಲ್ಲ ಎಂದ. ತಮ್ಮನ ಅಸ್ಥಿ ತೆಗೆದುಕೊಂಡು ಒಬ್ಬನೇ ರೈಲು ಹತ್ತಿದ. ಗಂಡ ಸಾಯುವಾಗ ಮುಖ ನೋಡಲು ಬಾರದವಳು ಎಂದು ಆ ಊರಿನಲ್ಲಿ ಈಗ ಅವಳ ಹೆಸರು. ಎರಡು ಮಕ್ಕಳು ಅಲ್ಲಿ ಅಜ್ಜಿಯ ಹತ್ತಿರ ಇದ್ದಾರೆ, ಅವರನ್ನು ನೋಡಲು ಅವಳು ಹೋಗುವಂತಿಲ್ಲ.

ಆದ್ದರಿಂದ ನನ್ನ ಬೇಡಿಕೆ. ಮುಂದಿನ ತಿಂಗಳು ಈ ಮರವನ್ನು ಥಾಣೆಯ ನಮ್ಮ ಶಾಖೆಯಲ್ಲೂ ನೆಡುತ್ತೀರಂತೆ. ನೆಡುವ ಮುಂಚೆ ಶಾಮಲಾ ಹಾಕಿದ್ದ ಐದನೆಯ ಕಾಲಮ್ಮನ್ನು ವಾಪಸು ಹಾಕಿಸಿ, ಒಂದು ದಿನ ನೀವೇ ಆ ಕಿಟಕಿಯಲ್ಲಿ ಕೂತು ನೋಡಿ. ವಾರಿಜಾಗೆ ಕೊಟ್ಟ ಮೆಮೊ ಹರಿಯಿರಿ. ಇವಕ್ಕೆ ನಿಮಗೆ ಸಮಿತಿ, ಸಭೆ, ಸಮೋಸಾ ಬೇಕಾದೀತು, ಕಾಯುತ್ತೇನೆ. ಕಾಯಲಾಗದ್ದು ಒಂದೇ. ಹಣಮಂತನ ಕೇಸ್ ಪೇಪರಿನ ಆ ಸಾಲನ್ನು ಹೊಡೆದುಹಾಕಿ, ಶಾಯಿಯಲ್ಲಿ ಹೀಗೆ ಬರೆಯಿರಿ: "ರೋಗಿಯ ಹೆಂಡತಿ ಲಕ್ಷ್ಮವ್ವ ಜುಲೈ 16, 17 ಮತ್ತು 18ರಂದು ಬಂದಿದ್ದರು. ನಾವು ಒಳಗೆ ಬಿಡಲಿಲ್ಲ." ಕೆಳಗೆ ನಿಮ್ಮ ಸಹಿ, ಮೊಹರು. ಒಂದು ಪ್ರತಿ ಪರಪ್ಪನಿಗೆ, ಒಂದು ಅವಳಿಗೆ. ಮರಣಾನಂತರ ತಿದ್ದುಪಡಿಗೆ ಹಾಳೆಯಲ್ಲಿ ಸಾಲಿಲ್ಲ ಎಂದು ನಿಮ್ಮ ಆಪ್ತ ಸಹಾಯಕರು ಫೋನಿನಲ್ಲಿ ಹೇಳಿದರು. ಸಾಲಿಲ್ಲದಿದ್ದರೆ ಪೆನ್ನು ಇದೆಯಲ್ಲ, ಹೊಡೆದುಹಾಕುವ ಅಭ್ಯಾಸ ನಿಮಗೆ ಮೊದಲೇ ಇದೆ.

ಕಳೆದ ಭಾನುವಾರ ಕಾಂದಿವಲಿಯ ಆ ಸೈಟಿಗೆ ಹೋಗಿದ್ದೆ. ಗೇಟಿನ ವಾಚ್‌ಮನ್ ಯಾರು ಬೇಕು ಎಂದು ನನ್ನನ್ನು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಲಕ್ಷ್ಮವ್ವ ಮರಳಿನ ಬುಟ್ಟಿ ಇಳಿಸಿ, ಅಲ್ಲಿಂದಲೇ ಗಟ್ಟಿಯಾಗಿ, "ಹಣಮಂತ ರಾಮಪ್ಪನ ಹೇಂತಿ ನಾ. ನನ್ನ ನೋಡಾಕ ಬಂದಾರ" ಎಂದಳು. ವಾಚ್‌ಮನ್‌ಗೆ ಕನ್ನಡ ಬಾರದು, ಅವನು ಅವಳ ಗಂಡನ ಹೆಸರು ಕೇಳಿಯೂ ಇರಲಿಲ್ಲ. ಈಗ ಅವಳು ಕೇಳಿದವರಿಗೂ ಹೇಳುತ್ತಾಳೆ, ಕೇಳದವರಿಗೂ ಹೇಳುತ್ತಾಳೆ. ಕೂತು ಮಾತಾಡುವಾಗ, "ಅವತ್ತ ಹೇಳಿಬಿಟ್ಟಿದ್ರ ಮಾರಿ ನೋಡತಿದ್ನಿ. ತಪ್ಪ ನಂದ ಐತ್ರೀ" ಎಂದಳು. ತಪ್ಪು ನಿನ್ನದಲ್ಲ ತಾಯಿ, ನಮ್ಮದು ಎಂದೆ. ಅದಕ್ಕೆ ಅವಳು ಹೇಳಿದಳು:

"ಕಾಗದದಾಗ ಹಂಗ ಬರದಿಲ್ಲಲ್ರೀ."

ಇಂತಿ,
ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟು, ಗೊತ್ತಿದ್ದದ್ದನ್ನು ಹೇಳದೆ ಉಳಿದ,
ತಿರುಮಲೇಶ
ನಿವೃತ್ತ ಹಿರಿಯ ಗುಮಾಸ್ತ, ವಿಚಾರಣೆ ಕಿಟಕಿ